ಸಿಸ್ಟರ್ ಹೇಳಿದ್ದು ಆಯಿಗೆ ತಿಳಿಯಿತೇ? ನರ್ಸ್–ರೋಗಿ ನಂಟು ಮತ್ತು ಅದನ್ನು ಕಲಿಸುವ ಬಗೆ

ನರ್ಸಿಂಗ್ ಕಲಿಸುವವರ ನಡುವೆ ಒಂದು ಹಳೆಯ ಕತೆ ಓಡಾಡುತ್ತದೆ. ಸಕ್ಕರೆ ಕಾಯಿಲೆಯ ರೋಗಿಯೊಬ್ಬರಿಗೆ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಕಲಿಸಬೇಕಿತ್ತು. ನರ್ಸ್ ಸಿರಿಂಜಿಗೆ ಔಷಧ ಎಳೆದು ಒಂದು ಕಿತ್ತಳೆ ಹಣ್ಣಿಗೆ ಚುಚ್ಚಿ ತೋರಿಸಿದರು. ರೋಗಿಯೂ ಹಾಗೆಯೇ ಚುಚ್ಚಿ ತೋರಿಸಿದರು. "ತಿಳೀತಲ್ಲ?" ಎಂದಾಗ ತಲೆಯಾಡಿಸಿ ಮನೆಗೆ ಹೋದರು. ಕೆಲವು ವಾರಗಳಲ್ಲೇ ಸಕ್ಕರೆ ವಿಪರೀತ ಏರಿ ಮತ್ತೆ ಆಸ್ಪತ್ರೆ ಸೇರಿದರು. ದಿನಾ ಇಂಜೆಕ್ಷನ್ ತೆಗೆದುಕೊಂಡಿರಾ ಎಂದು ಕೇಳಿದರೆ, "ಒಂದು ದಿನವೂ ತಪ್ಪಿಸಿಲ್ಲ ಸಿಸ್ಟರ್. ನೀವು ತೋರಿಸಿದಂತೆ ಕಿತ್ತಳೆಗೆ ಚುಚ್ಚಿ, ಆ ಹಣ್ಣು ತಿಂದಿದ್ದೇನೆ" ಎಂದರು!

ಈ ಕತೆಗೆ ಊರಿಲ್ಲ, ಇಸವಿಯಿಲ್ಲ. ನಿಜವಾಗಿ ನಡೆದದ್ದು ಎಂದು ನಾವು ಹೇಳುತ್ತಿಲ್ಲ. ಆದರೆ ಇದನ್ನು ಕೇಳಿದ ಯಾವ ನರ್ಸೂ "ಹೀಗೆಲ್ಲಾ ಆಗಲು ಸಾಧ್ಯವೇ ಇಲ್ಲ" ಅನ್ನುವುದಿಲ್ಲ. ಏಕೆಂದರೆ ಇಲ್ಲಿ ಎಲ್ಲರೂ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದಾರೆ. ನರ್ಸ್ ಹೇಳಿಕೊಟ್ಟಿದ್ದಾರೆ, ರೋಗಿ ಹೇಳಿದಂತೆ ಮಾಡಿದ್ದಾರೆ. ನಡುವೆ ಏನೋ ಒಂದು ತಪ್ಪಿಹೋಗಿದೆ. ಆ 'ಏನೋ ಒಂದು' ಯಾವುದು? ಅದನ್ನು ನರ್ಸಿಂಗ್ ಕಾಲೇಜಿನಲ್ಲಿ ಕಲಿಸಲು ಆಗುತ್ತದೆಯೇ? ಬನ್ನಿ, ನೋಡೋಣ.

ಕೋಟನೂರಿನ ಆಯಿ, ಕಮಲಾಪುರದ ವಿದ್ಯಾರ್ಥಿನಿ

ವಿಷಯ ಸುಲಭವಾಗಿ ತಿಳಿಯಲೆಂದು ಇಬ್ಬರನ್ನು ಊಹಿಸಿಕೊಳ್ಳೋಣ. ಒಬ್ಬರು ಕಲಬುರಗಿಯ ಕೋಟನೂರಿನ ಆಯಿ. ವಯಸ್ಸು ಅರವತ್ತು ದಾಟಿದೆ, ಓದು ಬರುವುದಿಲ್ಲ, ಮನೆಯಲ್ಲಿ ಫ್ರಿಜ್ ಇಲ್ಲ, ಸೋಮವಾರ ಒಪ್ಪತ್ತು ಮಾಡುವ ರೂಢಿ. ಕಾಲಿನ ಹುಣ್ಣು ಮಾಯದೆ ನಗರದ ಆಸ್ಪತ್ರೆಯೊಂದಕ್ಕೆ ಸೇರಿದ್ದಾರೆ. ಇನ್ನು ಮುಂದೆ ದಿನಾ ಇನ್ಸುಲಿನ್ ಬೇಕು ಎಂದು ವೈದ್ಯರು ಹೇಳಿದ್ದಾರೆ. ಇನ್ನೊಬ್ಬಳು ಕಮಲಾಪುರದಿಂದ ಬಂದು ಬಿ.ಎಸ್ಸಿ. ನರ್ಸಿಂಗ್ ಮೂರನೆಯ ವರ್ಷ ಓದುತ್ತಿರುವ ಹುಡುಗಿ. ಆಯಿಗೆ ಇನ್ಸುಲಿನ್ ಬಗ್ಗೆ ತಿಳಿಸಿಕೊಡುವ ಕೆಲಸ ಅವಳ ಪಾಲಿಗೆ ಬಂದಿದೆ.

ಕಲಬುರಗಿಯ ಯಾವ ದೊಡ್ಡ ಆಸ್ಪತ್ರೆಯ ವಾರ್ಡಿಗೆ ಹೋದರೂ ಇಂತಹ ಜೋಡಿ ಸಿಗುತ್ತದೆ. ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜು 1963ರಲ್ಲಿ ಶುರುವಾದಾಗಿನಿಂದ ಈ ಊರು ವೈದ್ಯಕೀಯ ಶಿಕ್ಷಣದ ಕೇಂದ್ರವಾಗಿ ಬೆಳೆದಿದೆ. ಈಗ ಸರ್ಕಾರಿ ವೈದ್ಯಕೀಯ ಸಂಸ್ಥೆ ಜಿಮ್ಸ್ ಇದೆ, ಇ.ಎಸ್.ಐ. ವೈದ್ಯಕೀಯ ಕಾಲೇಜು ಇದೆ, ಹಲವು ನರ್ಸಿಂಗ್ ಕಾಲೇಜುಗಳಿವೆ. ಆಳಂದ, ಅಫಜಲಪುರ, ಸೇಡಂ, ಚಿಂಚೋಳಿ ಕಡೆಯಿಂದೆಲ್ಲ ರೋಗಿಗಳು ಬರುತ್ತಾರೆ. ಒಂದೇ ವಾರ್ಡಿನಲ್ಲಿ ಕನ್ನಡ, ದಖನಿ ಉರ್ದು, ಲಂಬಾಣಿ, ತೆಲುಗು, ಮರಾಠಿ ಕೇಳಿಸುತ್ತವೆ. ನರ್ಸಿಂಗ್ ಪಾಠ ಮಾತ್ರ ಇಂಗ್ಲಿಷಿನಲ್ಲಿ.

ನಮ್ಮ ವಿದ್ಯಾರ್ಥಿನಿಗೆ ಇನ್ಸುಲಿನ್ ಬಗ್ಗೆ ಎಲ್ಲವೂ ಗೊತ್ತು. ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ತೆಗೆದಿದ್ದಾಳೆ. ಆಯಿಯ ಹಾಸಿಗೆ ಪಕ್ಕ ನಿಂತಾಗ ಅದರಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆ ಎನ್ನುವುದೇ ಪ್ರಶ್ನೆ.

ನಂಬಿಕೆ 1: "ಒಳ್ಳೆಯ ನರ್ಸ್ ಆಗುವುದು ಹುಟ್ಟುಗುಣ"

ಕೆಲವರಿಗೆ ಸ್ವಭಾವದಲ್ಲೇ ಕರುಣೆ ಇರುತ್ತದೆ, ಅಂಥವರು ಒಳ್ಳೆಯ ನರ್ಸ್ ಆಗುತ್ತಾರೆ, ಉಳಿದವರಿಗೆ ಎಷ್ಟು ಕಲಿಸಿದರೂ ಅಷ್ಟೇ. ಇದು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿರುವ ನಂಬಿಕೆ. ಇದರ ಜೊತೆಗೇ 'ಹೆಣ್ಣುಮಕ್ಕಳಿಗೆ ಇದು ತಾನಾಗಿಯೇ ಬರುತ್ತದೆ' ಎನ್ನುವುದೂ ಸೇರಿಕೊಂಡಿದೆ. ವಾರ್ಡುಗಳಲ್ಲಿ 'ಬ್ರದರ್' ಎಂದು ಕರೆಸಿಕೊಳ್ಳುವ ಗಂಡು ನರ್ಸುಗಳನ್ನು ನೋಡಿದರೆ ಈ ಎರಡನೆಯ ಮಾತು ತಾನಾಗಿಯೇ ಬಿದ್ದುಹೋಗುತ್ತದೆ.

ಮೊದಲ ಮಾತಿಗೆ ಉತ್ತರ ಕೊಟ್ಟವರು ಅಮೆರಿಕದ ಹಿಲ್ಡಗಾರ್ಡ್ ಪೆಪ್ಲಾ (1909–1999). ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ನರ್ಸ್ ಆಗಿ ಇಂಗ್ಲೆಂಡಿನಲ್ಲಿ ಕೆಲಸ ಮಾಡಿದವರು. ಮುಂದೆ ಮಾನಸಿಕ ಆರೋಗ್ಯದ ನರ್ಸಿಂಗ್ ಕಲಿಸುತ್ತಾ, ನರ್ಸ್ ಮತ್ತು ರೋಗಿಯ ನಡುವೆ ಏನು ನಡೆಯುತ್ತದೆ ಎನ್ನುವುದನ್ನೇ ಅಧ್ಯಯನದ ವಿಷಯವಾಗಿ ತೆಗೆದುಕೊಂಡರು. ಈ ಕುರಿತ ಅವರ ಪುಸ್ತಕ 1948ರ ಹೊತ್ತಿಗೇ ಸಿದ್ಧವಾಗಿತ್ತು. ವೈದ್ಯರೊಬ್ಬರ ಹೆಸರಿಲ್ಲದೆ ನರ್ಸ್ ಒಬ್ಬರೇ ಇಂತಹ ಪುಸ್ತಕ ಬರೆಯುವುದು ಆ ಕಾಲಕ್ಕೆ ಅತಿ ಎನಿಸಿದ್ದರಿಂದ ಪ್ರಕಟವಾಗಲು 1952 ಬೇಕಾಯಿತು.

ಪೆಪ್ಲಾ ಹೇಳಿದ್ದರ ಸಾರ ಇಷ್ಟು: ನರ್ಸ್–ರೋಗಿ ನಂಟು ತಾನಾಗಿ ಆಗುವಂಥದ್ದಲ್ಲ. ಅದಕ್ಕೆ ಹಂತಗಳಿವೆ, ಉದ್ದೇಶವಿದೆ, ಕೊನೆಯೂ ಇದೆ. ಹಂತಗಳಿರುವ ಯಾವುದನ್ನೇ ಆದರೂ ಗಮನಿಸಬಹುದು, ಅಭ್ಯಾಸ ಮಾಡಬಹುದು, ತಿದ್ದಿಕೊಳ್ಳಬಹುದು. ಅಂದರೆ ಕಲಿಸಬಹುದು.

ನಂಟಿನ ಮೂರು ಹಂತ

ಪೆಪ್ಲಾ ಮೊದಲು ನಾಲ್ಕು ಹಂತ ಗುರುತಿಸಿದ್ದರು. ಈಗ ಸಾಮಾನ್ಯವಾಗಿ ಮೂರಾಗಿ ಕಲಿಸುತ್ತಾರೆ. ನಮ್ಮ ಆಯಿಯ ವಿಷಯದಲ್ಲೇ ನೋಡೋಣ.

ಮೊದಲನೆಯದು ಪರಿಚಯ. ವಿದ್ಯಾರ್ಥಿನಿ ತನ್ನ ಹೆಸರು ಹೇಳುತ್ತಾಳೆ, ಎಷ್ಟು ದಿನ ಈ ವಾರ್ಡಿನಲ್ಲಿ ಇರುತ್ತೇನೆ, ಏನು ಮಾಡಲು ಬಂದಿದ್ದೇನೆ ಎಂದು ತಿಳಿಸುತ್ತಾಳೆ. ಆಯಿಯನ್ನು 'ಹನ್ನೆರಡನೇ ಬೆಡ್ಡು' ಎಂದು ಕರೆಯದೆ 'ಆಯಿ' ಎಂದೋ ಹೆಸರು ಹಿಡಿದೋ ಮಾತಾಡಿಸುತ್ತಾಳೆ. ಇದು ಬರೀ ಸಭ್ಯತೆ ಅನ್ನಿಸಬಹುದು. ಆದರೆ ಸೂಜಿ ಹಿಡಿದು ಬಂದ ಅಪರಿಚಿತರಿಗೆ ಯಾರೂ ತಮ್ಮ ಭಯ ಹೇಳಿಕೊಳ್ಳುವುದಿಲ್ಲ.

ಎರಡನೆಯದು ಕೆಲಸದ ಹಂತ. ಹುಣ್ಣು ತೊಳೆಯುವುದು, ಸಕ್ಕರೆ ನೋಡುವುದು, ಇನ್ಸುಲಿನ್ ಕಲಿಸುವುದೆಲ್ಲ ಇಲ್ಲಿ. ಆಯಿ ತನ್ನ ಕಷ್ಟಗಳನ್ನು ಹೇಳಲು ಶುರು ಮಾಡುವುದೂ ಇಲ್ಲೇ. ಮನೆಯಲ್ಲಿ ಯಾರಿದ್ದಾರೆ, ಊಟ ಎಷ್ಟು ಹೊತ್ತಿಗೆ, ಸೂಜಿ ಯಾರು ಚುಚ್ಚುತ್ತಾರೆ ಎನ್ನುವ ವಿವರಗಳು ಈ ಹಂತದಲ್ಲಿ ಹೊರಬರಬೇಕು.

ಮೂರನೆಯದು ಮುಕ್ತಾಯ. ಆಯಿ ಮನೆಗೆ ಹೋಗುತ್ತಾರೆ. ಅಷ್ಟರಲ್ಲಿ ಅವರಿಗೆ ನರ್ಸ್ ಇಲ್ಲದೆಯೂ ನಿಭಾಯಿಸಲು ಬರಬೇಕು. ಮೊದಲ ದಿನದಿಂದಲೇ ಈ ಕೊನೆಯನ್ನು ಮನಸ್ಸಿನಲ್ಲಿಟ್ಟು ಕೆಲಸ ಮಾಡಬೇಕು ಎನ್ನುವುದು ಪೆಪ್ಲಾ ಅವರ ಮುಖ್ಯ ಮಾತು. ಗೆಳೆತನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಗೆಳೆತನ ಇಬ್ಬರಿಗಾಗಿ ಇರುತ್ತದೆ, ಮುಗಿಯಬೇಕೆಂದು ಯಾರೂ ಬಯಸುವುದಿಲ್ಲ. ಈ ನಂಟು ರೋಗಿಯ ಒಳಿತಿಗಾಗಿ ಇರುತ್ತದೆ, ಚೆನ್ನಾಗಿ ಮುಗಿದರೇ ಅದು ಗೆದ್ದಂತೆ. ಹಾಗಾಗಿಯೇ ರೋಗಿಯಿಂದ ಉಡುಗೊರೆ ಪಡೆಯುವುದು, ತನ್ನ ಮನೆಯ ಕಷ್ಟವನ್ನು ರೋಗಿಯ ಮುಂದೆ ತೋಡಿಕೊಳ್ಳುವುದು, ಒಬ್ಬ ರೋಗಿಗೆ ಅಂಟಿಕೊಂಡು ಉಳಿದವರನ್ನು ಮರೆಯುವುದು ಇವೆಲ್ಲ ಎಲ್ಲೆ ಮೀರಿದಂತೆ ಎಂದು ಕಲಿಸುತ್ತಾರೆ.

ನಂಬಿಕೆ 2: "ಧೈರ್ಯ ಹೇಳಿದರೆ ಸಾಕು"

ಒಂದು ರಾತ್ರಿ ಆಯಿ ವಿದ್ಯಾರ್ಥಿನಿಯನ್ನು ಕರೆದು ಕೇಳುತ್ತಾರೆ:

"ಯವ್ವಾ, ನನ್ನ ಕಾಲ ಕಡೀತಾರೇನ?"

ನಮ್ಮಲ್ಲಿ ಬಹುತೇಕ ಎಲ್ಲರ ಬಾಯಿಂದಲೂ ತಕ್ಷಣ ಬರುವ ಉತ್ತರ ಇದು: "ಹಂಗೆಲ್ಲ ಅನಬ್ಯಾಡ್ರಿ ಆಯಿ, ಎಲ್ಲಾ ಛಲೋ ಆಗ್ತದ." ಕೇಳಲು ಹಿತವಾಗಿದೆ. ಆದರೆ ಇದರಿಂದ ಆಗುವುದೇನು? ಆಯಿ ಸುಮ್ಮನಾಗುತ್ತಾರೆ. ಭಯ ಹಾಗೆಯೇ ಇರುತ್ತದೆ, ಅದನ್ನು ಹೇಳಿಕೊಳ್ಳುವ ಬಾಗಿಲು ಮಾತ್ರ ಮುಚ್ಚುತ್ತದೆ. ನಾಳೆ ನಿಜಕ್ಕೂ ಕಾಲಿನ ವಿಷಯದಲ್ಲಿ ಕೆಟ್ಟ ಸುದ್ದಿ ಬಂದರೆ, ಸಿಸ್ಟರ್ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ.

ಇದನ್ನು ಹುಸಿ ಭರವಸೆ ಅನ್ನುತ್ತಾರೆ. ಇದು ಇಂದಿನ ಮನಶ್ಶಾಸ್ತ್ರದ ಹೊಸ ಶೋಧವೇನಲ್ಲ. ಫ್ಲಾರೆನ್ಸ್ ನೈಟಿಂಗೇಲ್ 1859ರ ಹೊತ್ತಿಗೆ ಬರೆದ 'ನೋಟ್ಸ್ ಆನ್ ನರ್ಸಿಂಗ್' ಪುಸ್ತಕದಲ್ಲಿ ರೋಗಿಗಳಿಗೆ ಸುಮ್ಮನೆ ಭರವಸೆ, ಬುದ್ಧಿಮಾತು ಹೇಳುವವರ ಕುರಿತೇ ಒಂದು ಅಧ್ಯಾಯವಿದೆ. ರೋಗಿಯ ಅಪಾಯವನ್ನು ಹಗುರ ಮಾಡಿ ಮಾತಾಡುವುದು ರೋಗಿಗೆ ಎಷ್ಟು ಹಿಂಸೆ ಎಂದು ಅವರು ಅದರಲ್ಲಿ ಬಿಡಿಸಿ ಹೇಳುತ್ತಾರೆ.

ಹಾಗಾದರೆ ಏನು ಹೇಳಬೇಕು? ಮೊದಲು ಕೇಳಬೇಕು. "ಯಾಕ ಹಂಗ ಅನಸ್ಲತ್ತದ್ರಿ ಆಯಿ? ಯಾರರ ಏನರ ಅಂದ್ರೇನು?" ಅಂದರೆ ಆಯಿ ಹೇಳುತ್ತಾರೆ: ಪಕ್ಕದ ಮನೆಯ ಮುತ್ಯಾನಿಗೂ ಹೀಗೇ ಹುಣ್ಣಾಗಿತ್ತು, ಇನ್ಸುಲಿನ್ ಶುರು ಮಾಡಿದ ಮೇಲೆ ಕಾಲು ತೆಗೆದರು. ಈಗ ನೋಡಿ, ಗುಟ್ಟು ಹೊರಬಂತು. ಆಯಿಯ ಲೆಕ್ಕದಲ್ಲಿ ಇನ್ಸುಲಿನ್ ಅಂದರೆ ಕಾಲು ಹೋಗುವ ಮುನ್ಸೂಚನೆ! ಈ ಭಯ ತಿಳಿಯದೆ ಎಷ್ಟೇ ಚೆನ್ನಾಗಿ ಇಂಜೆಕ್ಷನ್ ಕಲಿಸಿದರೂ ಅವರು ಮನೆಗೆ ಹೋಗಿ ಅದನ್ನು ನಿಲ್ಲಿಸುವ ಸಾಧ್ಯತೆಯೇ ಹೆಚ್ಚು. ತಿಳಿದ ಮೇಲೆ ವಿವರಿಸಬಹುದು: ಇನ್ಸುಲಿನ್ ಕಾಲನ್ನು ಕಳೆಯುವುದಿಲ್ಲ. ಸಕ್ಕರೆ ಬಹುಕಾಲ ಏರಿದ್ದರೆ ನರಗಳ ಸ್ಪರ್ಶಜ್ಞಾನ ಕುಂದುತ್ತದೆ, ರಕ್ತದ ಓಡಾಟ ಕಡಿಮೆಯಾಗುತ್ತದೆ, ಗಾಯ ಮಾಯುವುದಿಲ್ಲ. ಕಾಲು ಉಳಿಸಿಕೊಳ್ಳಲೆಂದೇ ಈಗ ಇನ್ಸುಲಿನ್ ಕೊಡುತ್ತಿರುವುದು. ಉಳಿದದ್ದನ್ನು ನಾಳೆ ಡಾಕ್ಟರ್ ಬಂದಾಗ ಇಬ್ಬರೂ ಸೇರಿ ಕೇಳೋಣ ಎನ್ನಬಹುದು.

ಇಲ್ಲಿ ಒಂದು ಪದದ ಅರ್ಥ ನೆನಪಿಸಿಕೊಳ್ಳಬೇಕು. ನರ್ಸಿಂಗ್‌ಗೆ ನಾವು ಬಳಸುವ 'ಶುಶ್ರೂಷೆ' ಎಂಬ ಪದ ಸಂಸ್ಕೃತದ 'ಶ್ರು', ಅಂದರೆ ಕೇಳು, ಎಂಬ ಧಾತುವಿನಿಂದ ಬಂದದ್ದು. 'ಕೇಳಬೇಕೆಂಬ ಇಚ್ಛೆ' ಎನ್ನುವುದೇ ಅದರ ಮೂಲ ಅರ್ಥ. ಸೇವೆ, ಆರೈಕೆ ಎಂಬ ಅರ್ಥಗಳು ಅದರಿಂದ ಮುಂದೆ ಬೆಳೆದವು.

ಹಾಗಾದರೆ ಕೇಳುವುದನ್ನು ಕಲಿಸುವುದು ಹೇಗೆ?

ಉಪನ್ಯಾಸದಿಂದ ಇದು ಬರುವುದಿಲ್ಲ. ರೋಗಿಯ ಜೊತೆ ಮಾತಾಡುವ ಹತ್ತು ತಂತ್ರಗಳನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೂ ಆಯಿಯ ಪ್ರಶ್ನೆ ಎದುರಾದಾಗ "ಎಲ್ಲಾ ಛಲೋ ಆಗ್ತದ" ಎಂದೇ ಬಾಯಿಗೆ ಬರುತ್ತದೆ. ಜಾರ್ಜ್ ಮಿಲ್ಲರ್ ಎಂಬ ವೈದ್ಯಕೀಯ ಶಿಕ್ಷಣತಜ್ಞರು 1990ರಲ್ಲಿ ಕಲಿಕೆಯನ್ನು ನಾಲ್ಕು ಮೆಟ್ಟಿಲಾಗಿ ವಿಂಗಡಿಸಿದರು: ಗೊತ್ತಿರುವುದು, ಹೇಗೆಂದು ಗೊತ್ತಿರುವುದು, ಮಾಡಿ ತೋರಿಸುವುದು, ನಿಜವಾದ ಕೆಲಸದಲ್ಲಿ ಮಾಡುವುದು. ಬರವಣಿಗೆಯ ಪರೀಕ್ಷೆ ಮೊದಲೆರಡು ಮೆಟ್ಟಿಲುಗಳನ್ನು ಮಾತ್ರ ಅಳೆಯಬಲ್ಲದು. ಮೇಲಿನ ಎರಡಕ್ಕೆ ಬೇರೆ ವಿಧಾನಗಳು ಬೇಕು. ನರ್ಸಿಂಗ್ ಶಿಕ್ಷಣದಲ್ಲಿ ಅಂಥವು ಹಲವಿವೆ.

ತೋರಿಸಿ, ಮಾಡಿಸುವುದು. ಶಿಕ್ಷಕರು ಒಂದು ಕೆಲಸ ಮಾಡಿ ತೋರಿಸುತ್ತಾರೆ, ವಿದ್ಯಾರ್ಥಿ ಅವರ ಮುಂದೆಯೇ ಮಾಡಿ ತೋರಿಸುತ್ತಾರೆ. ಕೈಕೆಲಸಕ್ಕೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಇದಕ್ಕಾಗಿ ಬೊಂಬೆಗಳ ಬಳಕೆಯೂ ಹಳೆಯದೇ. 1911ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಗಾಗಿ ಮಾರ್ಥಾ ಚೇಸ್ ಎಂಬ ಬೊಂಬೆ ತಯಾರಕಿ ಆಳೆತ್ತರದ ಬೊಂಬೆಯೊಂದನ್ನು ಮಾಡಿಕೊಟ್ಟರು. 'ಮಿಸೆಸ್ ಚೇಸ್' ಎಂದೇ ಅದು ಹೆಸರಾಯಿತು. ಇಂದಿನ ಸಿಮ್ಯುಲೇಶನ್ ಲ್ಯಾಬುಗಳಲ್ಲಿ ಉಸಿರಾಡುವ, ನಾಡಿ ಬಡಿಯುವ ಬೊಂಬೆಗಳು ಅದರ ಮರಿಮಕ್ಕಳು. ಆದರೆ ಬೊಂಬೆ "ನನ್ನ ಕಾಲ ಕಡೀತಾರೇನ?" ಎಂದು ಕೇಳುವುದಿಲ್ಲ.

ಪಾತ್ರ ಮಾಡುವುದು. ಒಬ್ಬ ವಿದ್ಯಾರ್ಥಿ ರೋಗಿ, ಇನ್ನೊಬ್ಬರು ನರ್ಸ್, ಉಳಿದವರು ನೋಡುವವರು. ಐದು ನಿಮಿಷದ ಮಾತುಕತೆ, ಆಮೇಲೆ ಹತ್ತು ನಿಮಿಷದ ಚರ್ಚೆ. ಹೆಚ್ಚು ಕಲಿಯುವವರು ರೋಗಿಯ ಪಾತ್ರ ಮಾಡಿದವರೇ. ಮಲಗಿದ್ದಾಗ ಎದುರಿಗೆ ನಿಂತವರು ಎಷ್ಟು ಎತ್ತರ ಕಾಣುತ್ತಾರೆ ಎನ್ನುವುದು ಅವರಿಗೆ ಮೈಗೆ ತಾಗುತ್ತದೆ. 1963ರಲ್ಲಿ ಹೋವರ್ಡ್ ಬ್ಯಾರೋಸ್ ಎಂಬ ವೈದ್ಯರು ಇದನ್ನೇ ಒಂದು ಹೆಜ್ಜೆ ಮುಂದೆ ಒಯ್ದು, ರೋಗಿಯಂತೆ ನಟಿಸಲು ತರಬೇತಿ ಪಡೆದವರನ್ನು ಪಾಠಕ್ಕೆ ಕರೆತಂದರು.

ಸಂಭಾಷಣೆ ಬರೆದು ನೋಡುವುದು. ಪೆಪ್ಲಾ ಅವರ ಹೆಸರಿನ ಜೊತೆ ಸೇರಿಕೊಂಡಿರುವ ಈ ವಿಧಾನಕ್ಕೆ 'ಪ್ರೋಸೆಸ್ ರೆಕಾರ್ಡಿಂಗ್' ಎಂದು ಹೆಸರು. ರೋಗಿಯ ಜೊತೆ ಮಾತಾಡಿ ಬಂದ ಕೂಡಲೇ ವಿದ್ಯಾರ್ಥಿ ಕಾಗದದ ಮೇಲೆ ಕಾಲಂ ಎಳೆದು ಬರೆಯುತ್ತಾರೆ. ರೋಗಿ ಏನೆಂದರು, ನಾನು ಏನೆಂದೆ, ಆಗ ನನ್ನ ಮನಸ್ಸಿನಲ್ಲಿ ಏನಿತ್ತು, ಹಾಗೆ ಹೇಳಿದ್ದು ಸರಿಯೇ? ನಮ್ಮ ವಿದ್ಯಾರ್ಥಿನಿ ಮೂರನೆಯ ಕಾಲಂನಲ್ಲಿ ಪ್ರಾಮಾಣಿಕವಾಗಿ ಬರೆದರೆ ಹೀಗೆ ಇರುತ್ತದೆ: 'ನನಗೇ ಭಯವಾಯಿತು. ಮಾತು ಮುಗಿಸಿ ಹೋಗಬೇಕು ಅನ್ನಿಸಿತು.' ಹುಸಿ ಭರವಸೆ ಹುಟ್ಟಿದ್ದು ಎಲ್ಲಿಂದ ಎಂದು ಆಗ ಅವಳಿಗೇ ಕಾಣುತ್ತದೆ. ಆಯಿಯ ಭಯ ನಿಲ್ಲಿಸಲು ಆಡಿದ ಮಾತು ಎಂದುಕೊಂಡಿದ್ದು ನಿಜವಾಗಿ ತನ್ನ ಭಯ ನಿಲ್ಲಿಸಲು ಆಡಿದ್ದು! ಇದನ್ನು ಯಾವ ಪಠ್ಯಪುಸ್ತಕವೂ ಅವಳಿಗೆ ಹೇಳಲಾರದು.

ಮಾನಸಿಕ ಆರೋಗ್ಯ ನರ್ಸಿಂಗ್ ವಿಷಯದಲ್ಲಿ ಈ ವಿಧಾನ ನಮ್ಮಲ್ಲೂ ಬಳಕೆಯಲ್ಲಿದೆ. ಇಂದಿನ ನಿಮ್ಹಾನ್ಸ್ ಇನ್ನೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆಗಿದ್ದ 1950ರ ದಶಕದಲ್ಲೇ ಬೆಂಗಳೂರಿನಲ್ಲಿ ಮನೋವೈದ್ಯಕೀಯ ನರ್ಸಿಂಗ್ ಡಿಪ್ಲೊಮಾ ಶುರುವಾಗಿತ್ತು. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಬದಲಿಸಿದ ಎಂಟು ಸೆಮಿಸ್ಟರುಗಳ ಬಿ.ಎಸ್ಸಿ. ಪಠ್ಯಕ್ರಮದಲ್ಲಿ ರೋಗಿಯೊಂದಿಗಿನ ಸಂವಹನ, ನರ್ಸ್–ರೋಗಿ ನಂಟು, ಬೋಧನಾ ವಿಧಾನಗಳು, ಸಿಮ್ಯುಲೇಶನ್ ಎಲ್ಲಕ್ಕೂ ಜಾಗವಿದೆ. ಆದರೆ ನಂಟು ಮನೋರೋಗದ ವಾರ್ಡಿಗೆ ಮಾತ್ರ ಬೇಕಾದದ್ದಲ್ಲ. ಹುಣ್ಣು ತೊಳೆಯುವಾಗಲೂ ಬೇಕು, ಹೆರಿಗೆ ವಾರ್ಡಿನಲ್ಲೂ ಬೇಕು.

ಅಳೆಯುವುದು. ಪರೀಕ್ಷೆಯಲ್ಲಿ ಕೇಳದ್ದನ್ನು ವಿದ್ಯಾರ್ಥಿಗಳು ಓದುವುದಿಲ್ಲ ಎನ್ನುವುದು ಎಲ್ಲ ಕಡೆಯ ಸತ್ಯ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ 'ಆಸ್ಕಿ' ಪರೀಕ್ಷೆ ಇದಕ್ಕೆ ದಾರಿ ತೋರಿಸಿತು. ವಿದ್ಯಾರ್ಥಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಾರೆ. ಒಂದರಲ್ಲಿ ಬಿ.ಪಿ. ನೋಡಬೇಕು, ಇನ್ನೊಂದರಲ್ಲಿ 'ರೋಗಿ'ಗೆ ಇನ್ಸುಲಿನ್ ವಿವರಿಸಬೇಕು. ಪಟ್ಟಿ ಹಿಡಿದ ಪರೀಕ್ಷಕರು ಕೈಕೆಲಸಕ್ಕೂ ಅಂಕ ಕೊಡುತ್ತಾರೆ, ಹೆಸರು ಹೇಳಿ ಮಾತಾಡಿಸಿದ್ದಕ್ಕೂ ಕೊಡುತ್ತಾರೆ.

ನಂಬಿಕೆ 3: "ಊರಿನ ಹುಡುಗಿ, ಭಾಷೆ ತಾನಾಗಿ ಬರುತ್ತದೆ"

ಕಮಲಾಪುರದ ಹುಡುಗಿಗೆ ಕೋಟನೂರಿನ ಆಯಿಯ ಮಾತು ಬರುವುದಿಲ್ಲವೇ? ಮನೆಯಲ್ಲಿ ಅವಳೂ 'ಬ್ಯಾನಿ', 'ದವಾಖಾನಿ', 'ಗುಳಿಗಿ' ಎಂದೇ ಮಾತಾಡುವವಳು. ಆದರೆ ಸಮವಸ್ತ್ರ ತೊಟ್ಟು ನಿಂತಾಗ ಅವಳ ಬಾಯಿಂದ ಬರುವುದು ತರಗತಿಯ ಮಾತು: "ಆಯಿ, ಹೈಪೊಗ್ಲೈಸೀಮಿಯಾ ಆದ್ರ ಇಮ್ಮಿಡಿಯೆಟ್ ಶುಗರ್ ತಗೋಬೇಕು." ಇದನ್ನು ಅವಳ ತಪ್ಪು ಅನ್ನಲಾಗದು. ಆ ವಿಷಯವನ್ನು ಅವಳು ಕಲಿತದ್ದೇ ಆ ಮಾತಿನಲ್ಲಿ. ಮನೆಯ ಮಾತಿನಲ್ಲಿ ಹೇಳಿ ಅಭ್ಯಾಸವೇ ಆಗಿಲ್ಲ.

ರೋಗಿಗಳು ತಮ್ಮ ಕಷ್ಟವನ್ನು ಹೇಳುವ ಬಗೆಯೇ ಬೇರೆ. ತಲಿ ಗಿರ್ ಅಂತದ, ಕಣ್ಣಿಗಿ ಕತ್ತಲ ಬರ್ತದ, ಕೈಕಾಲ ನಡಗತಾವ, ಮೈಯೆಲ್ಲಾ ಬೆವರ್ತದ. ಸಕ್ಕರೆ ಒಮ್ಮೆಲೇ ಇಳಿದಾಗ ಆಗುವುದೂ ಇವೇ. ಅದೇ ಮಾತಿನಲ್ಲಿ, "ಆಯಿ, ಸೂಜಿ ಮಾಡ್ಕೊಂಡ ಮ್ಯಾಲ ಮೈ ಬೆವತು ಕೈ ನಡಗಿದ್ರ ಮೂರು ಚಮಚ ಸಕ್ರಿ ನೀರಾಗ ಹಾಕ್ಕೊಂಡು ಕುಡೀರಿ. ಕಾಲ ತಾಸಿನಾಗ ಕಡಿಮಿ ಆಗ್ಲಿಲ್ಲಂದ್ರ ಮತ್ತ ಕುಡೀರಿ, ದವಾಖಾನಿಗಿ ಬರ್ರಿ" ಎಂದರೆ ಮರೆಯುವುದಿಲ್ಲ. ಮೂರು ಚಮಚ ಅಂದರೆ ಹೆಚ್ಚುಕಡಿಮೆ 15 ಗ್ರಾಂ ಸಕ್ಕರೆ, ಕಾಲು ತಾಸು ಅಂದರೆ 15 ನಿಮಿಷ. ಪುಸ್ತಕದಲ್ಲಿ ಇರುವುದೂ ಇದೇ ಲೆಕ್ಕ. ಪಾತ್ರ ಮಾಡುವ ಅಭ್ಯಾಸವನ್ನು ರೋಗಿಗಳ ಮಾತಿನಲ್ಲೇ ಮಾಡಿಸಿದರೆ ಈ ಸೇತುವೆ ತರಗತಿಯಲ್ಲೇ ಕಟ್ಟಿಕೊಳ್ಳುತ್ತದೆ. ಆಯಿಯ ಜಾಗದಲ್ಲಿ ತಾಂಡಾದಿಂದ ಬಂದ ಲಂಬಾಣಿ ಹೆಣ್ಣುಮಗಳು ಇದ್ದರೆ ಇನ್ನೊಬ್ಬರ ನೆರವು ಬೇಕಾಗುತ್ತದೆ. ಆಗ ಮಾತು ದಾಟಿಸುವವರ ಕಡೆ ನೋಡದೆ ರೋಗಿಯ ಮುಖ ನೋಡಿ ಮಾತಾಡುವುದೂ ಕಲಿಯಬೇಕಾದ ವಿದ್ಯೆಯೇ.

"ತಿಳೀತೇನ್ರಿ?" ಎಂಬ ಪ್ರಶ್ನೆಯ ಸಮಸ್ಯೆ

ಮತ್ತೆ ಕಿತ್ತಳೆಯ ಕತೆಗೆ ಬರೋಣ. ಅಲ್ಲಿ ತಪ್ಪಿಹೋದದ್ದು ಒಂದೇ ಹೆಜ್ಜೆ. ರೋಗಿಗೆ ಏನು ಅರ್ಥವಾಯಿತು ಎಂದು ಯಾರೂ ಕೇಳಲಿಲ್ಲ. "ತಿಳೀತೇನ್ರಿ?" ಎಂದು ಕೇಳಿದರು. ಆ ಪ್ರಶ್ನೆಗೆ ನಮ್ಮಲ್ಲಿ ಒಂದೇ ಉತ್ತರ: "ಹೂಂ ರೀ." ತಿಳಿಯಲಿಲ್ಲ ಎಂದರೆ ದಡ್ಡರೆನಿಸಿಕೊಳ್ಳುವ ಅಂಜಿಕೆ, ಸಿಸ್ಟರಿಗೆ ಕೆಲಸವಿದೆ ಎಂಬ ಸಂಕೋಚ.

ನೆದರ್ಲೆಂಡ್ಸಿನ ಮನಶ್ಶಾಸ್ತ್ರಜ್ಞ ರಾಯ್ ಕೆಸೆಲ್ಸ್ 2003ರಲ್ಲಿ ಈ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದರು. ಆಸ್ಪತ್ರೆಯಲ್ಲಿ ಹೇಳಿದ ಮಾಹಿತಿಯಲ್ಲಿ 40ರಿಂದ 80 ಶೇಕಡಾ ಕೂಡಲೇ ಮರೆತುಹೋಗುತ್ತದೆ, ನೆನಪಿರುವುದರಲ್ಲೂ ಅರ್ಧದಷ್ಟು ತಪ್ಪಾಗಿ ನೆನಪಿರುತ್ತದೆ ಎನ್ನುವುದು ಅದರಿಂದ ಕಂಡ ಸಂಗತಿ. ಓದು ಬಾರದವರ ಕಥೆ ಮಾತ್ರ ಇದು ಎಂದುಕೊಳ್ಳಬೇಡಿ. ಗಾಬರಿಯಲ್ಲಿರುವ ಯಾರದ್ದೇ ಆದರೂ ಗಮನದ ಅಳತೆ ಕಿರಿದಾಗುತ್ತದೆ. ಪೆಪ್ಲಾ ಆತಂಕವನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸಿದ್ದರು. ಸ್ವಲ್ಪ ಆತಂಕವಿದ್ದರೆ ಮನಸ್ಸು ಚುರುಕಾಗಿ ಕಲಿಯುತ್ತದೆ, ಮಿತಿಮೀರಿದರೆ ಏನೂ ತಲೆಗೆ ಹೋಗುವುದಿಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು 'ಟೀಚ್-ಬ್ಯಾಕ್', ಅಂದರೆ ತಿರುಗಿ ಹೇಳಿಸುವುದು. "ಆಯಿ, ನಾ ಸರಿಯಾಗಿ ಹೇಳೀನೋ ಇಲ್ಲೋ ನನಗ ಗೊತ್ತಾಗಬೇಕು. ಮನಿಗಿ ಹೋಗಿ ಸೊಸಿಗಿ ಹ್ಯಾಂಗ ಹೇಳ್ತೀರಿ, ನನಗೊಮ್ಮಿ ಹೇಳ್ರಿ ನೋಡಮು." ಪರೀಕ್ಷೆ ಯಾರದ್ದು ಎನ್ನುವುದನ್ನು ಗಮನಿಸಿ. ಇಲ್ಲಿ ಪರೀಕ್ಷೆಗೆ ಕೂತವರು ನರ್ಸ್. ಹಾಗಾಗಿ ಆಯಿಗೆ ಅವಮಾನವಿಲ್ಲ.

ಹೀಗೆ ಹೇಳಿಸಿದಾಗ ಎಷ್ಟು ವಿಷಯ ಹೊರಬರುತ್ತದೆ ನೋಡಿ. ಸೋಮವಾರ ಒಪ್ಪತ್ತಿನ ದಿನ ಊಟವಿಲ್ಲದೆ ಎಂದಿನಂತೆ ಇನ್ಸುಲಿನ್ ತೆಗೆದುಕೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅದನ್ನು ವೈದ್ಯರ ಗಮನಕ್ಕೆ ತಂದು ಆ ದಿನಕ್ಕೆ ಏನು ಮಾಡಬೇಕೆಂದು ಮೊದಲೇ ತಿಳಿದುಕೊಳ್ಳಬೇಕು. ಮನೆಯಲ್ಲಿ ಫ್ರಿಜ್ ಇಲ್ಲ, ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಳಕೆಯಲ್ಲಿರುವ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ನೀರು ತಾಗದಂತೆ ಸುತ್ತಿ ಮಣ್ಣಿನ ಗಡಿಗೆಯ ತಂಪಿನಲ್ಲಿ ಇಡಲು ಹೇಳಿಕೊಡಬಹುದು. ಇನ್ನೊಂದು ಮುಖ್ಯ ಸಂಗತಿ ಸಿರಿಂಜಿನದು. ನಮ್ಮಲ್ಲಿ ಇನ್ಸುಲಿನ್ 40 ಮತ್ತು 100 ಯೂನಿಟ್ ಎಂಬ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ್ದು. 100ರ ಔಷಧವನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಇನ್ಸುಲಿನ್ ಮೈಗೆ ಸೇರುತ್ತದೆ. ಇದು ಪ್ರಾಣಕ್ಕೇ ಎರವಾಗಬಹುದು. ಔಷಧದ ಅಂಗಡಿಗೆ ಹೋಗುವವರು ಮಗನೋ ಸೊಸೆಯೋ ಆದರೆ, ಅವರನ್ನೂ ಕೂರಿಸಿಕೊಂಡು ಹೇಳಿ, ಅವರಿಂದಲೂ ತಿರುಗಿ ಹೇಳಿಸಬೇಕು.

ನಂಬಿಕೆ 4: "ಇದಕ್ಕೆಲ್ಲ ಸಮಯ ಎಲ್ಲಿದೆ?"

ಇದು ಬರೀ ಮಿಥ್ಯೆಯಲ್ಲ, ಅರ್ಧ ನಿಜ. ಮೊದಲು ಮಿಥ್ಯೆಯ ಅರ್ಧ ನೋಡೋಣ. ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಆದ 120 ರೋಗಿಗಳ ಮೇಲೆ ಒಂದು ಅಧ್ಯಯನ ನಡೆಯಿತು, 2012ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸಕರು ಕೆಲವರನ್ನು ನಿಂತುಕೊಂಡು, ಕೆಲವರನ್ನು ಕುಳಿತುಕೊಂಡು ಮಾತಾಡಿಸಿದರು. ಕುಳಿತಾಗ ಇದ್ದದ್ದು ಸರಾಸರಿ ಒಂದು ನಿಮಿಷಕ್ಕಿಂತ ತುಸು ಹೆಚ್ಚು. ರೋಗಿಗಳಿಗೆ ಅನ್ನಿಸಿದ್ದು ಸುಮಾರು ಐದು ನಿಮಿಷ! ನಿಂತಾಗ ಅದಕ್ಕಿಂತ ಹೆಚ್ಚು ಹೊತ್ತು ಇದ್ದರೂ ರೋಗಿಗಳಿಗೆ ಕಡಿಮೆ ಅನ್ನಿಸಿತು. ರೋಗಿ ಕತ್ತು ತಿರುಗಿಸದೆ ನೋಡಬಹುದಾದ ಜಾಗದಲ್ಲಿ ಕುಳಿತು ಮಾತಾಡಬೇಕು ಎಂದು ನೈಟಿಂಗೇಲ್ ನೂರೈವತ್ತು ವರ್ಷ ಹಿಂದೆಯೇ ಬರೆದಿದ್ದರು.

ಇನ್ನು ನಿಜದ ಅರ್ಧ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಸಾಮಾನ್ಯ ವಾರ್ಡಿನಲ್ಲಿ ಬೋಧನಾ ಆಸ್ಪತ್ರೆಯಾದರೆ 3 ರೋಗಿಗಳಿಗೆ ಒಬ್ಬರು, ಇತರ ಆಸ್ಪತ್ರೆಯಾದರೆ 5 ರೋಗಿಗಳಿಗೆ ಒಬ್ಬರು ನರ್ಸ್ ಇರಬೇಕು. ವಾರ್ಡಿಗೆ ಹೋಗಿ ಬಂದ ಯಾರೇ ಆದರೂ ತಾವು ಕಂಡದ್ದನ್ನು ಇದರ ಜೊತೆ ಹೋಲಿಸಿ ನೋಡಬಹುದು. ಲಿಂಡಾ ಐಕನ್ ಮತ್ತು ಸಂಗಡಿಗರು ಯುರೋಪಿನ 9 ದೇಶಗಳ 4 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸಾ ರೋಗಿಗಳ ದಾಖಲೆ ಪರಿಶೀಲಿಸಿ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, 30 ದಿನಗಳೊಳಗೆ ರೋಗಿ ಸಾಯುವ ಸಂಭವ 7 ಶೇಕಡಾ ಹೆಚ್ಚುತ್ತಿತ್ತು. ಪದವಿ ಪಡೆದ ನರ್ಸುಗಳ ಪಾಲು 10 ಶೇಕಡಾ ಹೆಚ್ಚಿದ್ದ ಕಡೆ ಆ ಸಂಭವ 7 ಶೇಕಡಾ ಕಡಿಮೆ ಇತ್ತು. ನರ್ಸುಗಳ ಸಂಖ್ಯೆ, ಅವರ ಓದು ಎರಡೂ ಸಾವು ಬದುಕಿನ ವಿಷಯ. ಸಿಡುಕುವ ಸಿಸ್ಟರನ್ನು ದೂರುವ ಮುನ್ನ ಆ ಪಾಳಿಯಲ್ಲಿ ಅವರ ಪಾಲಿಗೆ ಎಷ್ಟು ಹಾಸಿಗೆಗಳಿವೆ ಎಂದು ಎಣಿಸಿ ನೋಡುವುದು ನ್ಯಾಯ.

ಕಲಿಸಿದ ಹಾಗೆಯೇ ಕಲಿಸುತ್ತಾರೆ

ಈಗ ಎರಡೂ ತುದಿಗಳನ್ನು ಜೋಡಿಸೋಣ. ತಿರುಗಿ ಹೇಳಿಸುವುದು, ಗಾಬರಿ ಇಳಿದ ಮೇಲೆ ಕಲಿಸುವುದು, ಕಲಿಯುವವರ ಮಾತಿನಲ್ಲೇ ಹೇಳುವುದು, ತಪ್ಪಿದಾಗ ಅವಮಾನ ಮಾಡದಿರುವುದು. ಇವು ರೋಗಿಗೆ ಕಲಿಸುವ ನಿಯಮಗಳು. ವಿದ್ಯಾರ್ಥಿಗೆ ಕಲಿಸುವ ನಿಯಮಗಳೂ ಇವೇ ಅಲ್ಲವೇ? ಎಲ್ಲರ ಮುಂದೆ ಬೈಸಿಕೊಂಡು, ಅರ್ಥವಾಗದ್ದನ್ನು ಉರುಹೊಡೆದು, "ತಿಳೀತಾ?" ಎಂದಾಗ "ಎಸ್ ಮೇಡಂ" ಎಂದು ಕಲಿತ ಹುಡುಗಿ, ಆಯಿಯ ಮುಂದೆ ನಿಂತಾಗ ಬೇರೆ ಬಗೆಯನ್ನು ಎಲ್ಲಿಂದ ತರಬೇಕು? ತನ್ನ ಪ್ರೋಸೆಸ್ ರೆಕಾರ್ಡಿಂಗ್‌ನಲ್ಲಿ 'ನನಗೆ ಭಯವಾಯಿತು' ಎಂದು ಬರೆದಾಗ ಶಿಕ್ಷಕರು ಗದರದೆ ಅದರ ಬಗ್ಗೆ ಕೂತು ಮಾತಾಡಿದರೆ, ಆಯಿಯ ಭಯವನ್ನು ಕೇಳುವ ಶಕ್ತಿ ಅವಳಿಗೆ ಬರುತ್ತದೆ. ನರ್ಸ್–ರೋಗಿ ನಂಟಿನ ಮೊದಲ ಪಾಠ ಶಿಕ್ಷಕ–ವಿದ್ಯಾರ್ಥಿ ನಂಟಿನಲ್ಲಿಯೇ ಇದೆ ಎನ್ನುವುದು ನಮ್ಮ ಅಭಿಪ್ರಾಯ.

ರೋಗಿಗಳಾಗಿ ನಾವೇನು ಮಾಡಬಹುದು?

ನಂಟು ಎಂದರೆ ಎರಡು ಕಡೆಯದು. ಮುಂದಿನ ಸಲ ನೀವೋ ನಿಮ್ಮವರೋ ಆಸ್ಪತ್ರೆಗೆ ಸೇರಿದಾಗ ಇವನ್ನು ಮಾಡಿ ನೋಡಿ:

– ನರ್ಸ್ ಹೆಸರು ಕೇಳಿ, ನಿಮ್ಮ ಹೆಸರು ಹೇಳಿ.

– ಮನೆಯ ಸ್ಥಿತಿಯನ್ನು ಮುಚ್ಚಿಡಬೇಡಿ. ಫ್ರಿಜ್ ಇಲ್ಲ, ಓದು ಬರುವುದಿಲ್ಲ, ಉಪವಾಸ ಮಾಡುತ್ತೇನೆ, ನಾಟಿ ಔಷಧ ತೆಗೆದುಕೊಳ್ಳುತ್ತಿದ್ದೇನೆ ಎನ್ನುವುದೆಲ್ಲ ಚಿಕಿತ್ಸೆಗೆ ಬೇಕಾದ ಮಾಹಿತಿ.

– ತಿಳಿಯದಿದ್ದರೆ ತಲೆಯಾಡಿಸಬೇಡಿ. "ನನಗೆ ಹೀಗೆ ಅರ್ಥವಾಯಿತು, ಸರಿಯೇ?" ಎಂದು ನೀವೇ ತಿರುಗಿ ಹೇಳಿ.

– ಔಷಧವನ್ನಾಗಲಿ ಇಂಜೆಕ್ಷನನ್ನಾಗಲಿ ಮನೆಯಲ್ಲಿ ಯಾರು ಕೊಡುತ್ತಾರೋ ಅವರನ್ನೇ ಡಿಸ್ಚಾರ್ಜ್ ದಿನ ಜೊತೆಗಿರಿಸಿಕೊಳ್ಳಿ.

– ಔಷಧದ ಪ್ರಮಾಣ, ಉಪವಾಸದ ದಿನದ ಬದಲಾವಣೆ ಇಂಥವನ್ನು ನಿಮ್ಮ ವೈದ್ಯರನ್ನು ಕೇಳಿಯೇ ತೀರ್ಮಾನಿಸಿ.

ನಮ್ಮ ಊಹೆಯ ಆಯಿ ಒಂದು ದಿನ ಡಿಸ್ಚಾರ್ಜ್ ಆಗಿ ಜೇವರ್ಗಿ ರಸ್ತೆಯ ಬಸ್ಸು ಹಿಡಿಯುತ್ತಾರೆ. ಕೈಚೀಲದಲ್ಲಿ ಔಷಧದ ಬಾಟಲಿ, ಕೆಂಪು ಮುಚ್ಚಳದ ಸಿರಿಂಜು, ಆಸ್ಪತ್ರೆಯ ಚೀಟಿ ಇವೆ. ಚೀಟಿಯನ್ನು ಅವರು ಓದಲಾರರು. ಮನೆ ತಲುಪಿ ಸೊಸೆಯನ್ನು ಕೂರಿಸಿಕೊಂಡು, ಯಾವಾಗ, ಎಷ್ಟು, ಎಲ್ಲಿ ಚುಚ್ಚಬೇಕು, ಮೈ ಬೆವತರೆ ಏನು ಮಾಡಬೇಕು ಎಂದು ಸರಿಯಾಗಿ ಹೇಳಿದರೆ, ಆ ವಿದ್ಯಾರ್ಥಿನಿ ತನ್ನ ನಿಜವಾದ ಪರೀಕ್ಷೆಯಲ್ಲಿ ಪಾಸಾದಂತೆ.